ವಿನ್ನಿಗೆ ಇಬ್ಬರು ಅವ್ವಂದಿರು

ವಿನ್ನಿಯನ್ನು ಹೆತ್ತವಳು ನನ್ನ ತಂಗಿ ಕೋರಾ. ಆದರೆ ವಿನ್ನಿ ಹುಟ್ಟಿದ ದಿನದಿಂದ ನಾನೂ ಅವಳ ಅವ್ವನೇ. ಇದು ದೊಡ್ಡಸ್ತಿಕೆಗೆ ಹೇಳುವ ಮಾತಲ್ಲ, ಬಿಳಿಯರು ಬರುವ ಮೊದಲಿನಿಂದ ಈ ನೆಲದಲ್ಲಿರುವ ನಮ್ಮ ಜನರಲ್ಲಿ ಇರುವುದೇ ಹಾಗೆ. ಅಕ್ಕತಂಗಿಯರಲ್ಲಿ ಯಾರು ಹೆತ್ತರೂ ಮಗು ಇಬ್ಬರದೂ. ಬೈಯುವ ಹಕ್ಕು ಇಬ್ಬರಿಗೂ ಇದೆ, ಉಣಿಸುವ ಹೊಣೆಯೂ ಇಬ್ಬರದು. ಕೂಸು ‘ಅವ್ವಾ’ ಎಂದು ಕೂಗಿದರೆ ಹತ್ತಿರ ಇದ್ದವಳು ಓಡುತ್ತಾಳೆ. ಯಾವ ಅವ್ವನನ್ನು ಕರೆದೆ ಎಂದು ಕೇಳುವಷ್ಟು ಪೆದ್ದರು ದನದ ಎಸ್ಟೇಟಿನ ಅಂಚಿನ ನಮ್ಮ ಕ್ಯಾಂಪಿನಲ್ಲಿ ಯಾರೂ ಇರಲಿಲ್ಲ.

ನನ್ನದೇ ಒಂದು ಮಗು ಮೂರು ತಿಂಗಳಿಗೆ ಕೈಬಿಟ್ಟು ಹೋಗಿತ್ತು. ಎದೆಯಲ್ಲಿ ಹಾಲು ಇನ್ನೂ ಬತ್ತಿರಲಿಲ್ಲ. ಅದೇ ವಾರ ಕೋರಾಗೆ ಹೆರಿಗೆಯಾಯಿತು. ಒಣಹಳ್ಳದ ದಂಡೆಯ ನೀಲಗಿರಿ ಮರದ ಬುಡದಲ್ಲಿ ನಾನೇ ಕೂಸನ್ನು ಕೈಯಲ್ಲಿ ಹಿಡಿದೆ. ಕೆಂಚಗಿತ್ತು.

“ಅಕ್ಕಾ, ಇದೇನೇ ಈ ಬಣ್ಣ? ಬೇಯೋಕೆ ಮುಂಚೇನೇ ತೆಗುದ್ಬುಟ್ನಾ ಏನು?” ಎಂದು ಕೋರಾ ಬೆವರು ಒರೆಸಿಕೊಳ್ಳುತ್ತ ಕೇಳಿದಳು.

“ಇನ್ನೊಂದು ಗಳಿಗೆ ಬೂದೀಲಿ ಇಡ್ಬೇಕಿತ್ತು. ನಿಂಗೆಲ್ಲಿ ಅಷ್ಟು ತಾಳ್ಮೆ? ಬಿದ್ಕೊ ಸುಮ್ನೆ” ಎಂದೆ. ಇಬ್ಬರೂ ನಕ್ಕೆವು.

ಅಪ್ಪ ಯಾರು ಎಂಬುದು ಕ್ಯಾಂಪಿಗೆಲ್ಲ ಗೊತ್ತಿತ್ತು. ಎಸ್ಟೇಟಿನ ದೊಡ್ಡಮನೆಯ ದೊರೆಸಾನಿಗೂ ಗೊತ್ತಿತ್ತು. ಇಲ್ಲೇ ದನ ನೋಡಿಕೊಳ್ಳುತ್ತಿದ್ದ ಆ ಬಿಳಿಯ ಮಾತ್ರ ಏನೂ ತಿಳಿಯದವನಂತೆ ಕುದುರೆ ಹತ್ತಿ ಬೇರೆ ದನದ ಎಸ್ಟೇಟಿಗೆ ಹೋದ. ಹೋಗಲಿ, ಅವನ ಸುದ್ದಿ ನನಗೆ ಬೇಡ.

ನನ್ನ ತಂಗಿ ಕುದುರೆಯ ಮೇಲೆ ಕೂತರೆ ಗಂಡಸರು ತಲೆ ತಗ್ಗಿಸಬೇಕಿತ್ತು. ದನ ಒಟ್ಟುಗೂಡಿಸುವ ಕಾಲ ಬಂದರೆ ದೊರೆ ಮೊದಲು ಕರೆಯುತ್ತಿದ್ದದ್ದು ಅವಳನ್ನೇ. ವಾರಗಟ್ಟಲೆ ಅವಳು ಬಯಲಿನಲ್ಲಿ ದನಗಳ ಹಿಂದೆ ಇರುತ್ತಿದ್ದಳು, ವಿನ್ನಿ ನನ್ನ ಸೊಂಟದ ಮೇಲೆ ಇರುತ್ತಿದ್ದಳು. ಇಬ್ಬರ ಹಾಲನ್ನೂ ಕುಡಿದು ಕೊಬ್ಬಿದ ಕೂಸು ಅದು. ಕೋರಾ ಧೂಳು ಬಳಿದುಕೊಂಡು ವಾಪಸು ಬಂದಾಗ ನನ್ನ ತೊಡೆಯಿಂದ ಇಳಿದು ಅವಳ ಕಡೆ ಓಡುತ್ತಿತ್ತು, ಅವಳು ಗದರಿದರೆ ತಿರುಗಿ ನನ್ನ ಕಡೆಗೆ ಬರುತ್ತಿತ್ತು. ಎಷ್ಟು ಜಾಣತನ ನೋಡಿ, ಎರಡು ಮನೆಯ ನೆಂಟಸ್ತಿಕೆ ಒಂದೇ ಸಲ.

ಬಿಳಿಯರಿಗೆ ಹುಟ್ಟಿದ ಕೆಂಚು ಮಕ್ಕಳನ್ನು ಸರ್ಕಾರದ ವೆಲ್‌ಫೇರಿನವರು ಹಿಡಿದುಕೊಂಡು ಹೋಗಿ ಬಿಳಿಯರ ರೀತಿಯಲ್ಲಿ ಬೆಳೆಸಲು ಹೋಮಿಗೆ ಹಾಕುತ್ತಾರೆ ಎಂಬುದು ನಮಗೆ ಗೊತ್ತಿತ್ತು. ಪಕ್ಕದ ಎಸ್ಟೇಟಿನಿಂದ ಮೂವರು ಹೋಗಿದ್ದರು. ದೂರದಲ್ಲಿ ಮೋಟಾರಿನ ಧೂಳು ಎದ್ದರೆ ಸಾಕು, ಅಂಥ ಮಕ್ಕಳನ್ನು ಎತ್ತಿಕೊಂಡು ಕಲ್ಲುಗುಡ್ಡದ ಕಡೆ ಓಡುತ್ತಿದ್ದೆವು. ಹೊತ್ತಿಲ್ಲದಿದ್ದರೆ ಇದ್ದಿಲನ್ನು ಕೊಬ್ಬಿನಲ್ಲಿ ಕಲಸಿ ಮೈಗೆ ಮೆತ್ತುತ್ತಿದ್ದೆವು. ವಿನ್ನಿಗೆ ಅದೊಂದು ಆಟ. ಬಳಿದಷ್ಟೂ ಕಿಲಕಿಲ ನಗುತ್ತಿದ್ದಳು.

ಆ ದಿನ ಮೋಟಾರು ದೊಡ್ಡಮನೆಯ ಹಿಂದಿನ ದಾರಿಯಿಂದ ಬಂದಿತ್ತು. ನಮಗೆ ಧೂಳೇ ಕಾಣಲಿಲ್ಲ. ಹಿಟ್ಟು, ಸಕ್ಕರೆ, ಚಹಾ ಕೊಡುವ ದಿನವಾದ್ದರಿಂದ ಹೆಂಗಸರೆಲ್ಲ ಉಗ್ರಾಣದ ಮುಂದೆ ಸಾಲುಗಟ್ಟಿದ್ದೆವು. ಕೋರಾ ದನದ ಹಿಂದೆ ಬಯಲಿಗೆ ಹೋಗಿದ್ದಳು. ಉಗ್ರಾಣದ ಮೂಲೆಯಿಂದ ವೆಲ್‌ಫೇರಿನವನು ಹೊರಬಂದ. ಅವನ ಜೊತೆ ಪೊಲೀಸರಿಗೆ ಜಾಡು ಹಿಡಿದುಕೊಡುವ ನಮ್ಮವನೇ ಒಬ್ಬ, ಹೆಕ್ಟರ್. ನಮ್ಮ ಮಾತೇ ಆಡುವವನು, ಬೂಟು ಹಾಕಿಕೊಂಡ ಮೇಲೆ ನಮ್ಮ ಬೆಂಕಿಯ ಹತ್ತಿರ ಕೂರುವುದನ್ನು ಬಿಟ್ಟಿದ್ದ. ವೆಲ್‌ಫೇರಿನವನು ಕೂಗಾಡುವವನಲ್ಲ. ಟೋಪಿ ಎತ್ತಿ ನಮಗೆಲ್ಲ ನಮಸ್ಕಾರ ಹೇಳಿದ. ಆಮೇಲೆ ವಿನ್ನಿಯನ್ನು ನೋಡಿದ. ಆಗ ಅವಳಿಗೆ ನಾಲ್ಕು ವರ್ಷ.

“ಈ ಮಗು ಯಾರದು?”

“ನಂದು” ಎಂದೆ.

ಅವನು ನನ್ನ ಮೈಬಣ್ಣ ನೋಡಿದ, ಅವಳ ಮೈಬಣ್ಣ ನೋಡಿದ, ಹೆಕ್ಟರ್ ಕಡೆ ತಿರುಗಿ ನಕ್ಕ. “ನಿನ್ನದೇ?”

“ನಂದೇ. ಹಾಲು ಕುಡಿಸಿದೋಳು ನಾನು. ಅನುಮಾನ ಇದ್ರೆ ಇವ್ರನ್ನೆಲ್ಲ ಕೇಳು.”

ಸಾಲಿನಲ್ಲಿದ್ದ ಹೆಂಗಸರೆಲ್ಲ ತಲೆ ಆಡಿಸಿದರು. “ಹೂಂ, ಡೈನಾ ಮಗಳೇ ಅದು” ಎಂದರು. ಒಬ್ಬಳೂ ಸುಳ್ಳು ಹೇಳಲಿಲ್ಲ. ಕೋರಾ ಹೆಸರು ಯಾರ ಬಾಯಿಗೂ ಬರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ. ಕೇಳಿದ್ದು ಮಗು ಯಾರದು ಎಂದು. ನಾನು ಅಲ್ಲೇ ಇದ್ದೆನಲ್ಲ.

ವೆಲ್‌ಫೇರಿನವನು ಚೀಲದಿಂದ ಒಂದು ಕಾಗದ ತೆಗೆದು ಹಿಟ್ಟಿನ ಪೀಪಾಯಿಯ ಮೇಲೆ ಹರಡಿದ. ಮಸಿಯ ಪೆಟ್ಟಿಗೆ ಇಟ್ಟ. ಹೆಕ್ಟರ್ ಮುಂದೆ ಬಂದು ಹೇಳಿದ: “ಡೈನಾ, ನೀನು ಅವ್ವ ಆದ್ರೆ ಇಲ್ಲಿ ಹೆಬ್ಬೆಟ್ಟು ಒತ್ಬೇಕಂತೆ.”

“ಯಾತಕ್ಕೆ?”

“ಇವಳ ಅವ್ವ ನೀನೇ ಅಂತ ಕಾಗದದಲ್ಲಿ ಇರ್ಲಿ ಅಂತ.” ಹೇಳುವಾಗ ಅವನು ತನ್ನ ಬೂಟನ್ನೇ ನೋಡುತ್ತಿದ್ದ.

ಇಲ್ಲಿ ನಾನು ಎಡವಿದೆ. ಬಿಳಿಯರಿಗೆ ಬಾಯಿಮಾತು ಗಾಳಿ, ಕಾಗದದಲ್ಲಿ ಇದ್ದರೆ ಮಾತ್ರ ಅದು ನಿಜ ಎಂದು ಅಷ್ಟು ವರ್ಷದಲ್ಲಿ ನಾನು ಕಲಿತಿದ್ದೆ. ವಿನ್ನಿ ನನ್ನವಳು ಎಂದು ಅವರ ಕಾಗದದಲ್ಲೇ ಬಿದ್ದುಬಿಟ್ಟರೆ ಆಮೇಲೆ ಅವಳನ್ನು ಯಾರು ಮುಟ್ಟುತ್ತಾರೆ ಎಂದುಕೊಂಡೆ. ಅಷ್ಟೇ ಅಲ್ಲ, ನನಗೆ ಖುಷಿಯೂ ಆಯಿತು, ಅದನ್ನೇಕೆ ಮುಚ್ಚಿಡಲಿ? ಮೊದಲ ಗುರುತು ತೆಳ್ಳಗೆ ಬಂತೆಂದು ಎರಡನೇ ಸಲ ಮಸಿ ಹಚ್ಚಿಕೊಂಡು ಗಟ್ಟಿಯಾಗಿ ಒತ್ತಿದೆ. ಆಮೇಲೆ ತಿಳಿಯಿತು, ಅದು ಮಗುವನ್ನು ನಾನಾಗಿಯೇ ಒಪ್ಪಿಸುತ್ತಿದ್ದೇನೆ ಎಂಬ ಕಾಗದ.

ವೆಲ್‌ಫೇರಿನವನು ಮಸಿ ಆರಲೆಂದು ಊದಿ, ಕಾಗದ ಮಡಿಸಿ, ವಿನ್ನಿಯ ಕೈ ಹಿಡಿದುಕೊಂಡ. ಮೋಟಾರು ಹತ್ತುವುದೆಂದರೆ ಅವಳಿಗೆ ಸಂಭ್ರಮ. ಅಷ್ಟು ಎತ್ತರದ ಸೀಟಿನಲ್ಲಿ ಕೂತು ನನಗೆ ಕೈ ಬೀಸಿದಳು. ಗಾಡಿ ಹೊರಟಿತು, ನಾನು ಹತ್ತಲಿಲ್ಲ. ಅದು ತಿಳಿದ ಮೇಲೆ ಅವಳು ‘ಅವ್ವಾ’ ಎಂದು ಕಿರುಚಿದಳು. ಬೇಲಿಯ ಗೇಟಿನವರೆಗೆ ಓಡಿದೆ. ಗೇಟು ತೆರೆಯಲು ಇಳಿದ ಹೆಕ್ಟರ್ ಅದನ್ನು ನನ್ನ ಮುಖದ ಮುಂದೆಯೇ ಹಾಕಿ ಚಿಲಕ ಸಿಕ್ಕಿಸಿದ.

ಕೋರಾ ಬಂದದ್ದು ಒಂಬತ್ತು ದಿನದ ಮೇಲೆ. ಕುದುರೆಯಿಂದ ಇಳಿಯುವ ಮುಂಚೆಯೇ ನನ್ನ ಮುಖ ನೋಡಿ ತಿಳಿದುಕೊಂಡಳು. ಇಬ್ಬರೂ ನೆಲಕ್ಕೆ ಬಿದ್ದು ಸತ್ತವರಿಗೆ ಅಳುವ ಹಾಗೆ ಅತ್ತೆವು. ನಾನು ಹೆಬ್ಬೆಟ್ಟಿನ ವಿಷಯ ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ.

“ನಾನಿದ್ರೂ ಅದನ್ನೇ ಒತ್ತಿರ್ತಿದ್ದೆ. ನೀನು ಯಾಕೆ ತಲೆ ಬಗ್ಗಿಸ್ತೀಯಾ? ಬಗ್ಗಿಸ್ಬೇಕಾದೋರು ಬೇರೆ ಅವ್ರೆ” ಎಂದಳು.

ದೊಡ್ಡಮನೆಯ ದೊರೆಸಾನಿ ಕೆಟ್ಟವಳಲ್ಲ. ಒಳ್ಳೆಯವಳೆಂದರೆ ನನ್ನ ನಾಲಿಗೆ ತಡವರಿಸುತ್ತದೆ, ಏಕೆಂದರೆ ಹಿಂದಿನ ದಾರಿಯ ಗೇಟಿನ ಬೀಗ ತೆಗೆದುಕೊಟ್ಟವರು ಯಾರು ಎಂಬುದನ್ನು ಅವಳು ಎಂದೂ ಹೇಳಲಿಲ್ಲ. ಆದರೂ ಕೋರಾ ಹಠ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತಾಗ ಅವಳೇ ವೆಲ್‌ಫೇರಿಗೆ ಪತ್ರ ಬರೆದಳು. ಮಗುವನ್ನು ಹೆತ್ತ ಕೋರಾ ತನ್ನ ಮಗಳನ್ನು ವಾಪಸು ಕೇಳುತ್ತಿದ್ದಾಳೆ ಎಂದು. ಮಳೆಗಾಲ ಕಳೆದು ಉತ್ತರ ಬಂತು. ದೊರೆಸಾನಿ ಜಗಲಿಯಲ್ಲಿ ನಿಂತು ಓದಿದಳು: ಮಗುವಿನ ತಾಯಿ ಡೈನಾ ಎಂಬುವಳು, ಅವಳ ಹೆಬ್ಬೆಟ್ಟು ನಮ್ಮಲ್ಲಿದೆ, ಕೋರಾ ಎಂಬುವಳಿಗೂ ಈ ಮಗುವಿಗೂ ಯಾವ ಸಂಬಂಧವೂ ಇಲ್ಲ.

ಕೋರಾ ಅದನ್ನು ಎರಡು ಸಲ ಓದಿಸಿ, ನನ್ನಿಂದ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿಸಿಕೊಂಡಳು. “ಅಮ್ಮಾವ್ರೇ, ನನ್ನ ಹೊಟ್ಟೆ ಮೇಲೆ ಗುರುತು ಐತೆ. ತೋರ್ಸ್ಲಾ?” ಎಂದು ಕೇಳಿದಳು. ದೊರೆಸಾನಿ ಕೆಂಪಾಗಿ ಒಳಗೆ ಹೋದಳು.

ಹೀಗೆ ಪತ್ರ ಹೋಗುವುದು, ಬರುವುದು, ಬರದಿರುವುದು, ಇದರಲ್ಲೇ ಐದು ವರ್ಷ ಕಳೆಯಿತು. ಕೊನೆಗೆ ನನ್ನ ಹೆಸರಿನಲ್ಲಿ ಬರೆಸಿದೆವು. ತಾಯಿ ಡೈನಾ ಮಗಳನ್ನು ನೋಡಬೇಕಂತೆ ಎಂದು. ಅದಕ್ಕೆ ಬೇಗ ಉತ್ತರ ಬಂತು. ಪಟ್ಟಣದ ಮಕ್ಕಳ ಹೋಮಿಗೆ ಸೆಪ್ಟೆಂಬರಿನ ಮೊದಲ ಭಾನುವಾರ ಬರಬಹುದು, ಅರ್ಧ ಗಂಟೆ, ತಾಯಿ ಒಬ್ಬಳೇ. ನಡತೆ ಸರಿಯಿದ್ದರೆ ಮುಂದಿನ ವರ್ಷವೂ ಬರಬಹುದು.

ಟಪಾಲು ಲಾರಿಯ ಹಿಂದೆ ಚರ್ಮದ ಮೂಟೆಗಳ ಮೇಲೆ ಕೂತು ಎರಡು ದಿನ ಹೋದೆವು. ಇಬ್ಬರೂ ಹೋದೆವು, ಒಬ್ಬಳನ್ನೇ ಕಳಿಸುವವಳು ಕೋರಾ ಅಲ್ಲ. ದೊರೆಸಾನಿ ಕೊಟ್ಟ ನೀಲಿ ಲಂಗವನ್ನು ಅವಳು ದಾರಿಯಲ್ಲಿ ಹಾಕಿಕೊಳ್ಳಲಿಲ್ಲ, ಧೂಳಾಗುತ್ತದೆ ಎಂದು ಮಡಿಸಿ ಇಟ್ಟುಕೊಂಡಿದ್ದಳು. ಭಾನುವಾರ ಬೆಳಿಗ್ಗೆ ಪಟ್ಟಣದ ಹೊರಗಿನ ಬಯಲಲ್ಲಿ ಓಡಾಡಿ ಒಂದು ಉಡ ಹಿಡಿದು, ಸುಟ್ಟು, ಕೊಬ್ಬಿದ ಬಾಲವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

“ಬಾಲ ಅಂದ್ರೆ ಪ್ರಾಣ ಬಿಡ್ತಿದ್ಲು” ಎಂದಳು. “ಅಕ್ಕಾ, ಕೇಳಿಲ್ಲಿ. ನಾನು ಬೇಲಿ ಹತ್ರ ನಿಂತಿರ್ತೀನಿ. ಕಿಟಕೀಲಿ ನನ್ನ ತೋರ್ಸು. ಹೆತ್ತೋಳು ಅನ್ಬೇಡ, ಆಮೇಲೆ ನಿನ್ನೂ ಓಡುಸ್ಬುಡ್ತಾರೆ. ಅಲ್ಲಿ ನಿನ್ನ ಇನ್ನೊಬ್ಬ ಅವ್ವ ಅವ್ಳೆ ಅನ್ನು, ಸಾಕು. ಅವಳಿಗೆ ತಿಳೀತದೆ.”

“ಆಗ್ಲಿ.”

“ನೆಟ್ಟಗೆ ಕೂತ್ಕೊ. ಬೆವರು ಒರಸ್ಕೊ. ಅವ್ರಿಗೆ ಎದುರು ಮಾತಾಡ್ಬೇಡ. ನಿನ್ನ ಬಾಯಿ ನಂಗೊತ್ತಿಲ್ವಾ?”

“ಆಗ್ಲಿ ಅಂದ್ನಲ್ಲೇ.”

ಹೋಮಿನ ಬಾಗಿಲಲ್ಲೇ ಮೇಟ್ರನ್ ಬಟ್ಟೆ ಬಿಚ್ಚಿ ನೋಡಿ, ಉಡದ ಬಾಲವನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದಳು. ಹೊರಗಿನ ತಿನಿಸು ಕೊಡುವಂತಿಲ್ಲ, ಕಾಡುಭಾಷೆ ಆಡುವಂತಿಲ್ಲ, ಇಂಗ್ಲಿಷಿನಲ್ಲೇ ಮಾತಾಡಬೇಕು ಎಂದಳು. ನಾನು ಕೋರಾಗೆ ಕೊಟ್ಟ ಮಾತು ನೆನೆದು ಬಾಯಿ ಬಿಗಿದುಕೊಂಡೆ. ಒಂದು ಮೇಜು, ಎರಡು ಕುರ್ಚಿ, ಒಂದು ಕಿಟಕಿ. ಕಿಟಕಿಯಾಚೆ ರಸ್ತೆಯ ಬದಿಯ ತಂತಿ ಬೇಲಿ, ಅದರ ಆಚೆ ನೀಲಿ ಲಂಗ.

ವಿನ್ನಿಯನ್ನು ಕರೆತಂದರು. ಒಂಬತ್ತು ವರ್ಷ. ಎಣ್ಣೆ ಹಚ್ಚಿ ಬಾಚಿದ ತಲೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಫ್ರಾಕು, ಕಾಲಿಗೆ ಬೂಟು. ಕೋರಾಳದೇ ಹಣೆ, ಕೋರಾಳದೇ ಗಲ್ಲ. ನನಗೆ ಎದ್ದು ಅಪ್ಪಿಕೊಳ್ಳಬೇಕೆನಿಸಿತು. ಅವಳು ಎದುರಿನ ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡಳು.

“ವಿನ್ನಿ, ಇವಳು ನಿನ್ನ ತಾಯಿ ಡೈನಾ” ಎಂದಳು ಮೇಟ್ರನ್.

“ಗುಡ್ ಆಫ್ಟರ್‌ನೂನ್” ಎಂದಳು ವಿನ್ನಿ.

ನನಗೆ ಬರುವುದು ದನದ ಕೊಟ್ಟಿಗೆಯ ಇಂಗ್ಲಿಷು. ದನ ಓಡಿಸುವುದಕ್ಕೆ, ಹಿಟ್ಟು ಕೇಳುವುದಕ್ಕೆ ಸಾಕು. ಅದರಲ್ಲೇ ಹೊಟ್ಟೆಗೆ ಸರಿಯಾಗಿ ಹಾಕುತ್ತಾರಾ, ಹಲ್ಲು ಬಿದ್ದಾಗ ನೋವಾಯಿತಾ ಎಂದು ಕೇಳಿದೆ. ಎಲ್ಲದಕ್ಕೂ ಹೌದು, ಇಲ್ಲ ಎಂದಷ್ಟೇ ಹೇಳಿದಳು. ನಾನು ಕಿಟಕಿಯ ಕಡೆ ಬೆರಳು ತೋರಿಸಿದೆ.

“ನೋಡು ಮಗಾ, ಅಲ್ಲಿ ನಿಂತವ್ಳಲ್ಲ, ನೀಲಿ ಲಂಗ? ಅವಳು ನಿನ್ನ ಇನ್ನೊಬ್ಬ ಅವ್ವ.”

ವಿನ್ನಿ ನೋಡಲೇ ಇಲ್ಲ. “ಯಾರಿಗಾದರೂ ತಾಯಿ ಒಬ್ಬಳೇ ಇರುವುದು” ಎಂದಳು. ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಮೇಟ್ರನ್ ಮೆಚ್ಚಿ ತಲೆದೂಗಿದಳು.

ಆಮೇಲೆ ಅವಳ ಕಣ್ಣು ಮೇಜಿನ ಮೇಲಿದ್ದ ನನ್ನ ಬಲಗೈಗೆ ಹೋಯಿತು. ಹೆಬ್ಬೆರಳನ್ನೇ ನೋಡುತ್ತಿದ್ದಳು.

“ಆ ಕಾಗದದಲ್ಲಿ ಇರುವುದು ಈ ಬೆರಳೇನಾ?”

“ಯಾವ ಕಾಗದ?”

“ನಾನು ಅತ್ತಾಗಲೆಲ್ಲ ಮೇಟ್ರನ್ ತೋರಿಸುತ್ತಾರೆ. ಯಾರೂ ನಿನ್ನನ್ನು ಕದ್ದು ತಂದಿಲ್ಲ, ನಿನ್ನ ತಾಯಿಯೇ ಬೇಡವೆಂದು ಕೊಟ್ಟಿದ್ದಾಳೆ, ನೋಡು ಇಲ್ಲಿದೆ ಎನ್ನುತ್ತಾರೆ. ಎರಡು ಸಲ ಒತ್ತಿದ್ದೀರಿ. ಎರಡನೆಯದು ಕಪ್ಪಗಿದೆ.” ಅವಳು ನನ್ನ ಹೆಬ್ಬೆರಳಿನಿಂದ ಕಣ್ಣು ತೆಗೆಯಲಿಲ್ಲ. “ನಾನು ಏನು ಮಾಡಿದ್ದೆ? ಯಾಕೆ ಕೊಟ್ಟುಬಿಟ್ಟಿರಿ?”

ಐದು ವರ್ಷ ಈ ಕೂಸು ನನ್ನ ಹೆಬ್ಬೆಟ್ಟನ್ನು ನೋಡಿ ನೋಡಿ ಮಲಗಿದೆ. ನನಗೆ ಗೊತ್ತಾಗಲಿಲ್ಲ ಎಂದರೆ ಅವಳು ನಂಬುವುದಿಲ್ಲ. ಮೋಸ ಮಾಡಿದರು ಎಂದರೆ ಪಕ್ಕದಲ್ಲಿ ನಿಂತ ಮೇಟ್ರನ್ ನಂಬಲು ಬಿಡುವುದಿಲ್ಲ. ಏನು ಹೇಳಿದರೂ ಹೆಬ್ಬೆಟ್ಟು ಒತ್ತಿದವಳು ತಾಯಿಯಾಗಿಯೇ ಉಳಿಯುತ್ತಾಳೆ. ತನ್ನನ್ನು ಅವ್ವನೇ ಬೇಡವೆಂದಳು ಎಂದು ತಿಳಿದು ಈ ಮಗು ಹೇಗೆ ಬೆಳೆಯಬೇಕು? ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ವರ್ಷವೂ ಅರ್ಧ ಗಂಟೆ ಸಿಗುತ್ತಿತ್ತು. ಅದರ ಮುಂದಿನ ವರ್ಷವೂ. ನನಗೆ ಆ ಅರ್ಧ ಗಂಟೆ ಬೇಕಿತ್ತು, ತುಂಬಾ ಬೇಕಿತ್ತು.

“ನಾನು ನಿನ್ನ ತಾಯಿ ಅಲ್ಲ” ಎಂದೆ.

ಮತ್ತೆ ಕಿಟಕಿಯ ಕಡೆ ಬೆರಳು ತೋರಿಸಿದೆ.

“ಬೆರಳು ನಂದು. ನಿನ್ನ ತಾಯಿ ಬೇಲಿ ಹತ್ರ ನಿಂತವ್ಳೆ. ಹೆತ್ತೋಳು ಅವಳು. ಆವತ್ತು ಅವಳು ದನದ ಹಿಂದೆ ಹೋಗಿದ್ಲು. ಯಾವ ಕಾಗದಾನೂ ನೋಡ್ಲಿಲ್ಲ, ಏನೂ ಒತ್ತಲಿಲ್ಲ. ನಿನ್ನ ತಾಯಿ ನಿನ್ನ ಯಾರಿಗೂ ಕೊಟ್ಟಿಲ್ಲ. ಕೊಟ್ಟೋಳು ನಾನು. ನಾನು ನಿಂಗೆ ಏನೂ ಆಗ್ಬೇಕಿಲ್ಲ.”

“ಹಾಗಾದರೆ ಅಧಿಕಾರಿಗೆ ಸುಳ್ಳು ಹೇಳಿದ್ದೆಯಾ? ಇಲ್ಲಿಗೆ ಬಂದದ್ದೂ ಸುಳ್ಳು ಹೇಳಿಯಾ?” ಎಂದು ಮೇಟ್ರನ್ ಎದ್ದಳು.

“ಹೂಂ” ಎಂದೆ. ನಾನು ಅಧಿಕಾರಿಗೆ ಹೇಳಿದ್ದೇ ನಿಜ, ಈಗ ಮಗುವಿಗೆ ಹೇಳಿದ್ದೇ ಸುಳ್ಳು ಎಂದು ಅವಳಿಗೆ ತಿಳಿಸಿ ಹೇಳಲು ನನ್ನ ಹತ್ತಿರ ಮಾತೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ಅವಳು ನನ್ನ ತೋಳು ಹಿಡಿದು ಹೊರಗೆ ನಡೆಸಿದಳು. ಅಷ್ಟರಲ್ಲಿ ವಿನ್ನಿ ಕುರ್ಚಿಯಿಂದ ಜಾರಿ ಇಳಿದು ಜಗಲಿ ದಾಟಿ ಬೇಲಿಯ ಕಡೆ ಹೋಗಿದ್ದಳು. ಓಡಲಿಲ್ಲ, ನಡೆದೇ ಹೋದಳು. ಮೇಟ್ರನ್ ಕೂಗಿದರೂ ನಿಲ್ಲಲಿಲ್ಲ. ತಂತಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಕೇಳಿದಳು, “ನೀನು ನನ್ನನ್ನು ಕೊಡಲಿಲ್ಲವಾ?”

ಕೋರಾಗೆ ಬರುವುದು ದನ ಅಟ್ಟುವಷ್ಟು ಇಂಗ್ಲಿಷು, ಹೋಮಿನ ಇಂಗ್ಲಿಷು ತಿಳಿಯಲಿಲ್ಲ. ತಂತಿಯ ಮೇಲಿಂದ ನನ್ನ ಮುಖ ನೋಡಿದಳು. ನಾನು ಗೇಟಿನ ಹತ್ತಿರದಿಂದಲೇ ನಮ್ಮ ಮಾತಿನಲ್ಲಿ ಕೂಗಿದೆ, “ನೀನು ಅವಳ್ನ ಕೊಟ್ಬುಟ್ಯಾ ಅಂತ ಕೇಳ್ತಾವ್ಳೆ ಕಣೇ!”

“ಕೊಡಾದಾ? ನನ್ನ ಕೂಸ್ನ? ನಾನು ಬಂದು ನೋಡಿದ್ರೆ ನೀನೇ ಇರ್ಲಿಲ್ಲವಲ್ಲೇ ಮಗಾ! ಒಂದಿನಾನೂ ಕೊಟ್ಟಿಲ್ಲ, ಒಂದಿನಾನೂ!” ಎಂದು ಕೋರಾ ತಂತಿ ಹಿಡಿದು ಅಲ್ಲಾಡಿಸಿದಳು.

ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೂಗಿದವಳೂ ನಾನೇ. ವಿನ್ನಿ ಕೇಳಿಸಿಕೊಂಡಳು. ತಂತಿಯ ಸಂದಿಯಿಂದ ಕೈ ತೂರಿಸಿ ಕೋರಾಳ ಲಂಗದ ತುದಿಯನ್ನು ಹಿಡಿದುಕೊಂಡಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಹಾವನ್ನು ನೋಡುವ ಹಾಗೆ ನೋಡಿದಳು. ಸರಿ, ಹಾಗೇ ನೋಡಲಿ ಎಂದುಕೊಂಡೆ. ಅದಕ್ಕೇ ನಾನು ಹಾಗೆ ಹೇಳಿದ್ದು. ಹಾಗಂತ ನೋವಾಗಲಿಲ್ಲ ಎಂದರೆ ಅದು ಎರಡನೇ ಸುಳ್ಳಾದೀತು.

ಹೋಮಿನ ಇಬ್ಬರು ದೊಡ್ಡ ಹುಡುಗಿಯರು ಬಂದು ವಿನ್ನಿಯನ್ನು ಎಳೆದುಕೊಂಡು ಹೋದರು. ಗೇಟು ಮುಚ್ಚಿತು.

ಪಟ್ಟಣದ ಅಂಚಿನ ನಮ್ಮವರ ಕ್ಯಾಂಪಿಗೆ ಬಿಸಿಲಿನಲ್ಲೇ ನಡೆದೆವು. ಕೋರಾ ಅರ್ಧ ದಾರಿ ಅಳುತ್ತಲೂ ನಗುತ್ತಲೂ ಇದ್ದಳು. ಎಷ್ಟು ಉದ್ದ ಆಗವ್ಳೆ, ಮುಂದಿನ ಹಲ್ಲು ನನ್ನದೇ, ಬೂಟು ಬಿಗಿ ಅನ್ನಿಸ್ತದೆ ಎಂದೆಲ್ಲ ಹೇಳಿದಳು. ಆಮೇಲೆ ಕೇಳಿದಳು, “ಅರ್ಧ ಗಂಟೆ ಆಗೋಕೆ ಮುಂಚೇನೇ ಯಾಕೆ ಹೊರಗೆ ಹಾಕುದ್ರು? ಏನಂದೆ ನೀನು?”

ಹೇಳಿದೆ.

ಅವಳು ದಾರಿಯಲ್ಲೇ ನಿಂತುಬಿಟ್ಟಳು. ಮುಂದಿನ ವರ್ಷ ಇನ್ನಿಲ್ಲ ಎಂಬುದಕ್ಕೆ ಬೈಯುತ್ತಾಳೆ ಎಂದುಕೊಂಡೆ. ಅವಳಿಗೆ ಸಿಟ್ಟು ಬಂದದ್ದು ಅದಕ್ಕಲ್ಲ.

“ಅವಳ ಅವ್ವ ಅಲ್ಲ ಅಂದ್ಯಾ? ನಿನ್ನ ಬಾಯಲ್ಲೇ ಅಂದ್ಯಾ?”

“ಮಗು ಕೊರಗ್ತಿತ್ತು ಕಣೇ. ಅವ್ವನೇ ಬೇಡ ಅಂದ್ಲು ಅಂತ ತಿಳ್ಕೊಂಡಿತ್ತು.”

“ಅದಕ್ಕೇ ಹಂಗನ್ನಾದಾ? ನೀನು ಅವಳ ಅವ್ವ ಅಲ್ದಿದ್ರೆ ನಾನು ನಿನ್ನ ತಂಗಿ ಹೆಂಗಾಗ್ತೀನೇ?”

ಅವಳು ಬೈಯುತ್ತಲೇ ನನ್ನ ಕೈ ಹಿಡಿದುಕೊಂಡಳು, ಕ್ಯಾಂಪು ಬರುವವರೆಗೂ ಬೈದಳು.

ಮುಂದಿನ ವರ್ಷ ಬಿಡಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಕೋರಾಳ ಹೆಸರನ್ನು ಕಾಗದದಲ್ಲಿ ಸೇರಿಸಲೂ ಇಲ್ಲ. ವಿನ್ನಿ ಬಂದದ್ದು ಹದಿನೆಂಟು ತುಂಬಿದ ಮೇಲೆ, ತಾನಾಗಿ, ಅದೇ ಟಪಾಲು ಲಾರಿಯಲ್ಲಿ. ದಾರಿಯುದ್ದಕ್ಕೂ ಕೋರಾ ಎಲ್ಲಿ ಎಂದು ಕೇಳಿಕೊಂಡು ಬಂದಳಂತೆ. ತನ್ನನ್ನು ಕೊಡದೇ ಇದ್ದ ಅವ್ವನನ್ನು ಹುಡುಕಿಕೊಂಡು ಬಂದಳು. ಅಷ್ಟಾದರೂ ಆಯಿತು.

ಈಗ ಅವಳಿಗೆ ಮಕ್ಕಳಾಗಿವೆ. ಆವತ್ತು ಉಗ್ರಾಣದ ಮುಂದೆ ಏನಾಯಿತು ಎಂದು ಕೋರಾ ಅವಳಿಗೆ ನೂರು ಸಲ ಬಿಡಿಸಿ ಹೇಳಿದ್ದಾಳೆ. ತಿಳಿಯಿತು ಎನ್ನುತ್ತಾಳೆ, ತಿಳಿದಿರಲೂಬಹುದು. ನನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಮೊಣಕಾಲು ನೋವಿಗೆ ಎಣ್ಣೆ ತಂದುಕೊಡುತ್ತಾಳೆ, ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕುತ್ತಾಳೆ. ಆದರೆ ನನ್ನನ್ನು ಕರೆಯುವುದು ‘ಡೈನಾ ಆಂಟಿ’ ಎಂದು. ನಮ್ಮ ಮಾತಿನಲ್ಲಿ ಅಂಥ ನೆಂಟಸ್ತಿಕೆಯೇ ಇಲ್ಲ, ಹೋಮಿನಿಂದ ತಂದದ್ದು.

“ಆಂಟಿ ಅಲ್ಲ ಕಣೇ, ಅವ್ವ ಅನ್ನು” ಎಂದು ಕೋರಾ ಪ್ರತಿ ಸಲ ಗದರುತ್ತಾಳೆ.

ವಿನ್ನಿ ಬಾಯಿ ತೆರೆಯುತ್ತಾಳೆ. ನಾಲಿಗೆಯ ತುದಿಯವರೆಗೆ ಬಂದದ್ದು ಹೊರಗೆ ಬರುವುದಿಲ್ಲ. ಅವಳು ಕಷ್ಟಪಡುವುದನ್ನು ನೋಡಲಾರದೆ ನಾನೇ ‘ಏನವ್ವಾ ಮಗಳೇ’ ಎಂದು ಓಗೊಟ್ಟುಬಿಡುತ್ತೇನೆ.